ಭಾಷೆಯನ್ನು ಓದಲು ಯಾವ ಪದವಿ? ಸೇರುವ ಮೊದಲು ತೂಗಿ ನೋಡಬೇಕಾದ ಸಂಗತಿಗಳು

ಮನುಷ್ಯನ ಭಾಷೆ ಹೇಗೆ ಕೆಲಸ ಮಾಡುತ್ತದೆ ಎಂಬ ಕುತೂಹಲವನ್ನು ಹೊತ್ತು ವಿಶ್ವವಿದ್ಯಾಲಯಕ್ಕೆ ಸೇರಲು ಹೊರಟವರು ಅರ್ಜಿ ತುಂಬುವ ಹೊತ್ತಿಗೆ ಹಲವು ಹೆಸರುಗಳ ನಡುವೆ ತಡವರಿಸುತ್ತಾರೆ. ಭಾಷಾವಿಜ್ಞಾನ, ಯಾವುದಾದರೊಂದು ಭಾಷೆ ಮತ್ತು ಅದರ ಸಾಹಿತ್ಯ, ಕಂಪ್ಯೂಟೇಷನಲ್ ಭಾಷಾವಿಜ್ಞಾನ, ಮನೋಭಾಷಾವಿಜ್ಞಾನ, ವಾಕ್ ಚಿಕಿತ್ಸೆ, ಮಾನವಶಾಸ್ತ್ರದ ಜೊತೆಗಿನ ಕ್ಷೇತ್ರಾಧ್ಯಯನ: ಇವೆಲ್ಲವೂ ಒಂದೇ ವಸ್ತುವಿನ ಅಧ್ಯಯನವೆಂದು ಹೇಳಿಕೊಳ್ಳುತ್ತವೆ, ಆ ಮಾತು ಸುಳ್ಳೂ ಅಲ್ಲ. ಆದರೆ ಇವುಗಳಲ್ಲಿ ಒಂದನ್ನು ಓದುವ ವಿದ್ಯಾರ್ಥಿಯ ದಿನಚರಿಗೂ ಇನ್ನೊಂದನ್ನು ಓದುವವರ ದಿನಚರಿಗೂ ಹೋಲಿಕೆಯೇ ಇಲ್ಲದಷ್ಟು ವ್ಯತ್ಯಾಸವಿದೆ. ಆದ್ದರಿಂದ ಪದವಿಯ ಹೆಸರನ್ನು ಸ್ವಲ್ಪ ಹೊತ್ತು ಬದಿಗಿಟ್ಟು, ನಿಮ್ಮನ್ನು ಕಾಡುವ ಪ್ರಶ್ನೆ ಯಾವುದು, ಅದಕ್ಕೆ ಯಾವ ಬಗೆಯ ಪುರಾವೆ ಸಿಕ್ಕರೆ ನಿಮಗೆ ಸಮಾಧಾನವಾಗುತ್ತದೆ ಎಂಬುದರಿಂದ ಆರಂಭಿಸುವುದು ಒಳ್ಳೆಯದು.

ಅಳತೆಗೋಲುಗಳು

ಪ್ರಶ್ನೆ ಮತ್ತು ಪುರಾವೆಯೇ ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಭಾರವಾದ ಮಾನದಂಡ. ಅದರ ಬೆನ್ನಿಗೆ ಬರುವುದು ಪೂರ್ವಸಿದ್ಧತೆ: ಗಣಿತ, ಸಂಖ್ಯಾಶಾಸ್ತ್ರ, ಪ್ರೋಗ್ರಾಮಿಂಗ್, ಹಳೆಯ ಪಠ್ಯಗಳ ಓದು, ಅಪರಿಚಿತರೊಡನೆ ತಾಳ್ಮೆಯಿಂದ ಕುಳಿತು ಮಾತನಾಡುವ ಶಕ್ತಿ, ಇವುಗಳಲ್ಲಿ ಯಾವುದು ನಿಮ್ಮಲ್ಲಿ ಈಗಾಗಲೇ ಇದೆ ಮತ್ತು ಯಾವುದನ್ನು ಕಲಿಯಲು ನೀವು ಸಿದ್ಧರಿದ್ದೀರಿ ಎಂಬುದನ್ನು ಪ್ರಾಮಾಣಿಕವಾಗಿ ನೋಡಿಕೊಳ್ಳಬೇಕು. ಸಂಪಾದನೆ ಆರಂಭವಾಗುವವರೆಗೆ ಎಷ್ಟು ವರ್ಷ ಓದಬೇಕಾಗುತ್ತದೆ ಎಂಬುದು ಮೂರನೆಯದು. ಖರ್ಚು ನಾಲ್ಕನೆಯದು. ಇಲ್ಲಿ ಶುಲ್ಕವನ್ನಷ್ಟೇ ಲೆಕ್ಕ ಹಾಕಿ ಕೈಬಿಡುವವರು ಹೆಚ್ಚು, ಆದರೆ ಪ್ರಯಾಣ, ಉಪಕರಣ, ವೇತನವಿಲ್ಲದ ತರಬೇತಿಯ ಅವಧಿ ಮತ್ತು ಸ್ನಾತಕೋತ್ತರ ಪದವಿಯ ಅನಿವಾರ್ಯತೆ ಕೂಡ ಖರ್ಚುಗಳೇ.

ಹೋಲಿಕೆ ಸ್ಪಷ್ಟವಾಗಲೆಂದು ಒಂದು ಸರಳ ವಾಕ್ಯವನ್ನು ಕೈಯಲ್ಲಿ ಹಿಡಿದುಕೊಳ್ಳೋಣ: ‘ಅವಳಿಗೆ ತನ್ನ ತಮ್ಮನ ನೆನಪಾಯಿತು.’ ಕನ್ನಡ ಬಲ್ಲ ಯಾರಿಗೂ ಇದರಲ್ಲಿ ವಿಶೇಷವೇನೂ ಕಾಣದು. ಆದರೆ ಮೇಲೆ ಹೇಳಿದ ಪ್ರತಿಯೊಂದು ಶಿಸ್ತೂ ಇದರಿಂದ ಬೇರೆ ಬೇರೆ ಪ್ರಶ್ನೆಯನ್ನು ಎತ್ತಿಕೊಳ್ಳುತ್ತದೆ, ಆ ಪ್ರಶ್ನೆಗಳಲ್ಲಿ ಯಾವುದು ನಿಮ್ಮನ್ನು ಹಿಡಿದು ನಿಲ್ಲಿಸುತ್ತದೆ ಎಂಬುದೇ ಆಯ್ಕೆಗೆ ಒಳ್ಳೆಯ ಸೂಚನೆ.

ಭಾಷಾವಿಜ್ಞಾನವನ್ನೇ ಮುಖ್ಯ ವಿಷಯವಾಗಿ ಓದುವುದು

ಭಾಷಾವಿಜ್ಞಾನದ ಪದವಿಯ ಬೆನ್ನೆಲುಬು ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ: ಉಚ್ಚಾರಣೆಯನ್ನು ದೇಹ ಮತ್ತು ತರಂಗಗಳ ಮಟ್ಟದಲ್ಲಿ ನೋಡುವ ಧ್ವನಿವಿಜ್ಞಾನ, ಒಂದು ಭಾಷೆಯಲ್ಲಿ ಧ್ವನಿಗಳು ವ್ಯವಸ್ಥೆಯಾಗಿ ನಿಲ್ಲುವ ಬಗೆಯನ್ನು ನೋಡುವ ಧ್ವನಿಮಾವಿಜ್ಞಾನ, ಪದರಚನೆ, ವಾಕ್ಯರಚನೆ, ಅರ್ಥವಿಜ್ಞಾನ. ಇದನ್ನು ಸೇರುವವರಲ್ಲಿ ಹಲವರು ಅನೇಕ ಭಾಷೆಗಳನ್ನು ಮಾತನಾಡಲು ಕಲಿಯುತ್ತೇವೆಂದೋ, ಶುದ್ಧವಾಗಿ ಬರೆಯುವ ನಿಯಮಗಳನ್ನು ತಿಳಿಯುತ್ತೇವೆಂದೋ ನಿರೀಕ್ಷಿಸುತ್ತಾರೆ. ಇಲ್ಲಿ ಇವೆರಡೂ ನಡೆಯುವುದಿಲ್ಲ. ಜನ ಹೇಗೆ ಮಾತನಾಡಬೇಕು ಎಂಬುದನ್ನು ಬಿಟ್ಟು, ವಾಸ್ತವವಾಗಿ ಹೇಗೆ ಮಾತನಾಡುತ್ತಾರೆ ಮತ್ತು ಅದರ ಹಿಂದೆ ಯಾವ ಅರಿಯದ ನಿಯಮಗಳು ಕೆಲಸ ಮಾಡುತ್ತವೆ ಎಂಬುದನ್ನು ಇಲ್ಲಿ ಹುಡುಕಲಾಗುತ್ತದೆ.

ನಮ್ಮ ವಾಕ್ಯವನ್ನೇ ನೋಡಿ. ಇದರ ಕರ್ತೃ ಯಾರು? ಕ್ರಿಯಾಪದ ‘ಆಯಿತು’ ಎಂದು ನಪುಂಸಕಲಿಂಗದಲ್ಲಿದೆ, ಎಂದರೆ ಅದು ಹೊಂದಿಕೊಳ್ಳುತ್ತಿರುವುದು ‘ನೆನಪು’ ಎಂಬುದರ ಜೊತೆಗೇ ಹೊರತು ‘ಅವಳು’ ಎಂಬುದರ ಜೊತೆಗಲ್ಲ. ‘ಅವಳು ತನ್ನ ತಮ್ಮನ ನೆನಪಾದಳು’ ಎಂದು ಅದೇ ಅರ್ಥದಲ್ಲಿ ಯಾರೂ ಹೇಳುವುದಿಲ್ಲ. ಹಾಗಾದರೆ ‘ನೆನಪು’ ಕರ್ತೃವೆಂದು ಮುಗಿಸಿಬಿಡಬಹುದೇ? ಆಗುವುದಿಲ್ಲ, ಏಕೆಂದರೆ ‘ತನ್ನ’ ಎಂಬ ಪದ ಸಾಮಾನ್ಯವಾಗಿ ಕರ್ತೃವನ್ನೇ ಬೊಟ್ಟು ಮಾಡುತ್ತದೆ, ಇಲ್ಲಿ ಅದು ಚತುರ್ಥಿ ವಿಭಕ್ತಿಯಲ್ಲಿರುವ ‘ಅವಳಿಗೆ’ ಎಂಬುದನ್ನು ಬೊಟ್ಟು ಮಾಡುತ್ತಿದೆ. ಕರ್ತೃತ್ವದ ಒಂದು ಲಕ್ಷಣ ಒಂದು ಪದದಲ್ಲಿ, ಇನ್ನೊಂದು ಲಕ್ಷಣ ಇನ್ನೊಂದು ಪದದಲ್ಲಿ ನೆಲೆಸಿದೆ. ಇದೇ ಬಗೆಯ ತೊಡಕು ಸಾವಿರಾರು ಕಿಲೋಮೀಟರ್ ದೂರದ, ಯಾವ ನಂಟೂ ಇಲ್ಲದ ಐಸ್‌ಲ್ಯಾಂಡಿಕ್ ಭಾಷೆಯಲ್ಲಿಯೂ ಇದೆ, ವಾಕ್ಯರಚನೆಯ ತರಗತಿಗಳಲ್ಲಿ ಅದರ ಚರ್ಚೆ ಪ್ರಸಿದ್ಧ. ಈ ಪ್ಯಾರಾ ಓದುವಾಗ ನಿಮ್ಮ ಕುತೂಹಲ ಕೆರಳಿದ್ದರೆ, ಮನಸ್ಸಿನಲ್ಲೇ ಇನ್ನೂ ನಾಲ್ಕು ವಾಕ್ಯಗಳನ್ನು ಕಟ್ಟಿ ಪರೀಕ್ಷಿಸಿದ್ದರೆ, ಭಾಷಾವಿಜ್ಞಾನ ನಿಮಗೆ ಒಗ್ಗುವ ಸಾಧ್ಯತೆ ದೊಡ್ಡದು. ಓದು ಇಲ್ಲಿಗೇ ನಿಂತರೆ ಸಾಕೆನಿಸಿದ್ದರೆ ಅದೂ ಗಮನಿಸಬೇಕಾದ ಸೂಚನೆಯೇ.

ವಿಭಾಗದ ಒಲವನ್ನು ಮಾತ್ರ ಮೊದಲೇ ತಿಳಿದುಕೊಳ್ಳಬೇಕು. ನೋಮ್ ಚಾಮ್‌ಸ್ಕಿ 1957ರಿಂದ ಮುಂದಿಟ್ಟ ವಿಚಾರಗಳ ಹಾದಿಯಲ್ಲಿ ನಡೆಯುವ ವಿಭಾಗಗಳು ವಾಕ್ಯದ ಒಳರಚನೆಯನ್ನು ಗಣಿತದ ಸೂತ್ರಗಳಂಥ ನಿಯಮಗಳಲ್ಲಿ ಹಿಡಿಯಲು ಯತ್ನಿಸುತ್ತವೆ, ಅಲ್ಲಿ ತರ್ಕ ಮತ್ತು ಅಮೂರ್ತ ವಾದಗಳದ್ದೇ ಪ್ರಾಬಲ್ಯ. ಇನ್ನೊಂದು ಕಡೆ, ಜೋಸೆಫ್ ಗ್ರೀನ್‌ಬರ್ಗ್ 1963ರಲ್ಲಿ 30 ಭಾಷೆಗಳನ್ನು ಹೋಲಿಸಿ 45 ಸಾರ್ವತ್ರಿಕ ಪ್ರವೃತ್ತಿಗಳನ್ನು ಪಟ್ಟಿ ಮಾಡಿದ ಸಂಪ್ರದಾಯದ ವಿಭಾಗಗಳಿವೆ. ಕನ್ನಡದಂತೆ ಕ್ರಿಯಾಪದ ವಾಕ್ಯದ ಕೊನೆಗೆ ಬರುವ ಭಾಷೆಗಳಲ್ಲಿ ‘ಮೇಲೆ’, ‘ಒಳಗೆ’, ‘ಜೊತೆ’ಗಳಂಥ ಪದಗಳು ನಾಮಪದದ ನಂತರ ಬರುವುದೇ ಹೆಚ್ಚು ಎಂಬ ಬಗೆಯ ಹೇಳಿಕೆಗಳು ಅಲ್ಲಿಂದ ಬಂದವು. ಎರಡರಲ್ಲಿ ಯಾವುದು ಮೇಲು ಎಂಬ ಜಗಳ ಹಳೆಯದು. ಹೊಸ ವಿದ್ಯಾರ್ಥಿಗೆ ಎರಡೂ ಪರಿಚಯವಾಗುವ ವಿಭಾಗ ಸಿಕ್ಕರೆ ಅದು ಭಾಗ್ಯ.

ಈ ಪದವಿಯ ದೊಡ್ಡ ಅನುಕೂಲವೆಂದರೆ ಇಲ್ಲಿಂದ ಮುಂದೆ ಯಾವ ಉಪಶಾಖೆಗಾದರೂ ಹೋಗಬಹುದು. ಖರ್ಚೂ ಸಾಮಾನ್ಯವಾಗಿ ಹಿಡಿತದಲ್ಲಿರುತ್ತದೆ, ಏಕೆಂದರೆ ಧ್ವನಿ ವಿಶ್ಲೇಷಣೆಗೆ ಬಳಸುವ ಪ್ರಾಟ್‌ನಂಥ ತಂತ್ರಾಂಶಗಳು ಉಚಿತ. ಅನನುಕೂಲವೂ ಸಣ್ಣದಲ್ಲ: ಪದವಿಯ ಕೊನೆಯಲ್ಲಿ ನಿಮಗಾಗಿ ಕಾದಿರುವ ನಿರ್ದಿಷ್ಟ ವೃತ್ತಿಯೊಂದಿಲ್ಲ. ಸಂಶೋಧನೆಗೆ ಹೋಗುವವರಿಗೆ ಮುಂದೆ ಹಲವು ವರ್ಷಗಳ ಓದು ಕಾದಿದೆ, ಕೆಲಸಕ್ಕೆ ಹೋಗುವವರು ಪ್ರೋಗ್ರಾಮಿಂಗ್, ಪಠ್ಯ ಸಂಪಾದನೆ, ನಿಘಂಟು ರಚನೆ, ಬೋಧನೆ ಇಂಥ ಇನ್ನೊಂದು ಕೌಶಲವನ್ನು ಜೊತೆಗೆ ಬೆಳೆಸಿಕೊಳ್ಳಲೇಬೇಕು. ಅದನ್ನು ಕೊನೆಯ ವರ್ಷಕ್ಕೆ ಬಿಡುವುದು ಸರಿಯಲ್ಲ.

ಭಾಷೆ ಮತ್ತು ಸಾಹಿತ್ಯದ ವಿಭಾಗದ ಮೂಲಕ

ಭಾಷಾವಿಜ್ಞಾನದ ಪ್ರತ್ಯೇಕ ಪದವಿ ಎಲ್ಲೆಡೆ ಇಲ್ಲ. ಯಾವುದೋ ಒಂದು ಭಾಷೆಯ ವಿಭಾಗ ಮಾತ್ರ ಹೆಚ್ಚುಕಡಿಮೆ ಪ್ರತಿಯೊಂದು ವಿಶ್ವವಿದ್ಯಾಲಯದಲ್ಲೂ ಇರುತ್ತದೆ. ಇದನ್ನು ಎರಡನೆಯ ದರ್ಜೆಯ ದಾರಿಯೆಂದು ಭಾವಿಸುವುದು ತಪ್ಪು. ಭಾಷೆಗಳು ಕಾಲದಲ್ಲಿ ಹೇಗೆ ಬದಲಾಗುತ್ತವೆ ಎಂಬುದು ನಿಮ್ಮ ಪ್ರಶ್ನೆಯಾಗಿದ್ದರೆ ಇದೇ ಉತ್ತಮ ದಾರಿಯೆಂದು ನಾನು ಹೇಳುತ್ತೇನೆ. ಹಳಗನ್ನಡದ ‘ಪಾಲ್’ ನಮ್ಮ ‘ಹಾಲು’ ಆಯಿತು, ‘ಪೂ’ ಎಂಬುದು ‘ಹೂ’ ಆಯಿತು, ಆದರೆ ತಮಿಳು ಮತ್ತು ತೆಲುಗಿನಲ್ಲಿ ಆ ಪಕಾರ ಹಾಗೇ ಉಳಿಯಿತು. ಇಂಥ ಬದಲಾವಣೆ ಒಂದೆರಡು ಪದಗಳಿಗೆ ಸೀಮಿತವಾಗದೆ ಕ್ರಮಬದ್ಧವಾಗಿ ನಡೆಯುತ್ತದೆ ಎಂಬ ಅರಿವಿನ ಮೇಲೆಯೇ ಭಾಷಾಕುಟುಂಬಗಳ ಅಧ್ಯಯನ ನಿಂತಿದೆ. ವಿಲಿಯಂ ಜೋನ್ಸ್ 1786ರಲ್ಲಿ ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳಿಗೆ ಸಮಾನ ಮೂಲವಿರಬೇಕೆಂದು ಹೇಳಿದ್ದು, 1816ರಲ್ಲಿ ಫ್ರಾನ್ಸಿಸ್ ಎಲ್ಲಿಸ್ ತಮಿಳು, ತೆಲುಗು, ಕನ್ನಡಗಳು ಸಂಸ್ಕೃತದಿಂದ ಹುಟ್ಟಿದವಲ್ಲ, ಅವುಗಳದ್ದೇ ಒಂದು ಕುಟುಂಬವಿದೆ ಎಂದು ವಾದಿಸಿದ್ದು ಆ ಹಾದಿಯ ಆರಂಭದ ಹೆಜ್ಜೆಗಳು. ಇದಕ್ಕೆ ಬೇಕಾದ ಪುರಾವೆ ಶಾಸನಗಳಲ್ಲಿ, ಹಸ್ತಪ್ರತಿಗಳಲ್ಲಿ, ಹಳೆಯ ವ್ಯಾಕರಣಗಳಲ್ಲಿ ಇದೆ. ಅವನ್ನು ಓದಲು ಕಲಿಸುವುದು ಭಾಷಾ ವಿಭಾಗಗಳೇ.

ಇಲ್ಲಿನ ಕೊರತೆಯೆಂದರೆ ಭಾಷಾವಿಜ್ಞಾನದ ಪತ್ರಿಕೆಗಳು ಎರಡೋ ಮೂರೋ ಇದ್ದು, ಉಳಿದದ್ದೆಲ್ಲ ಸಾಹಿತ್ಯವಾಗಿರಬಹುದು. ಸಾಹಿತ್ಯವನ್ನು ಪ್ರೀತಿಸದವರಿಗೆ ಆ ವರ್ಷಗಳು ಭಾರವಾಗುತ್ತವೆ. ಎರಡು ವಿಷಯಗಳ ಜಂಟಿ ಪದವಿ ಸಿಕ್ಕರೆ ಸಮತೋಲ ಚೆನ್ನಾಗಿರುತ್ತದೆ, ಆದರೆ ಅಲ್ಲಿ ಎರಡರಲ್ಲಿಯೂ ಕೊನೆಯ ವರ್ಷದ ಆಳವಾದ ಪತ್ರಿಕೆಗಳನ್ನು ಬಿಟ್ಟುಕೊಡಬೇಕಾಗುತ್ತದೆ. ಶಿಕ್ಷಕ ವೃತ್ತಿ ಬೇಕೆನ್ನುವವರಿಗೆ, ಹಾಗೂ ಮನೆಗೆ ಹತ್ತಿರದಲ್ಲಿಯೇ ಕಡಿಮೆ ಖರ್ಚಿನಲ್ಲಿ ಓದಬೇಕಾದವರಿಗೆ ಈ ದಾರಿ ಹೆಚ್ಚು ಭದ್ರ.

ಕಂಪ್ಯೂಟೇಷನಲ್ ಭಾಷಾವಿಜ್ಞಾನ

ಮನುಷ್ಯರ ಭಾಷೆಯನ್ನು ಕಂಪ್ಯೂಟರಿನಿಂದ ವಿಶ್ಲೇಷಿಸುವ, ಬರೆಸುವ ಈ ಶಾಖೆಯ ಮೇಲೆ ಈಗ ಬಹುಮಂದಿಯ ಕಣ್ಣಿದೆ, ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ಯೋಚಿಸಬೇಕು. 1954ರಲ್ಲಿ ಜಾರ್ಜ್‌ಟೌನ್ ವಿಶ್ವವಿದ್ಯಾಲಯ ಮತ್ತು ಐಬಿಎಂ ಸೇರಿ ರಷ್ಯನ್ ವಾಕ್ಯಗಳನ್ನು ಇಂಗ್ಲಿಷಿಗೆ ಯಂತ್ರದಿಂದ ಅನುವಾದಿಸಿ ತೋರಿಸಿದಾಗ ಅದರ ಬಳಿ ಇದ್ದದ್ದು ಸುಮಾರು 250 ಪದಗಳು ಮತ್ತು ಆರು ನಿಯಮಗಳು. ಅದು ಹುಟ್ಟಿಸಿದ ಭರವಸೆ ಈಡೇರಲಿಲ್ಲ, 1966ರಲ್ಲಿ ಅಮೆರಿಕದ ಪರಿಶೀಲನಾ ಸಮಿತಿಯೊಂದರ ವರದಿಯ ನಂತರ ಅಲ್ಲಿ ಈ ಕ್ಷೇತ್ರಕ್ಕೆ ಹಣವೇ ಬತ್ತಿಹೋಯಿತು. ಮುಂದೆ ನಿಯಮಗಳ ಜಾಗವನ್ನು ಸಂಖ್ಯಾಶಾಸ್ತ್ರ ಹಿಡಿಯಿತು. 2017ರಲ್ಲಿ ಬಂದ ಟ್ರಾನ್ಸ್‌ಫಾರ್ಮರ್ ಎಂಬ ವಿನ್ಯಾಸದಿಂದ, ಅಪಾರ ಪಠ್ಯದಿಂದ ಕಲಿತು ತಾವೇ ಬರೆಯುವ ಇಂದಿನ ದೊಡ್ಡ ಭಾಷಾ ಮಾದರಿಗಳು ಬೆಳೆದವು. ಈ ಚರಿತ್ರೆಯನ್ನು ಹೇಳುವ ಕಾರಣವಿದೆ: ಇಂದು ಕಲಿಯುವ ಉಪಕರಣ ನೀವು ಪದವಿ ಮುಗಿಸುವಷ್ಟರಲ್ಲಿ ಬದಲಾಗಿರಬಹುದು. ಸಂಭಾವ್ಯತೆ, ರೇಖೀಯ ಬೀಜಗಣಿತ, ಪ್ರೋಗ್ರಾಮಿಂಗ್ ಮತ್ತು ಭಾಷೆಯ ರಚನೆಯ ತಿಳಿವು ಮಾತ್ರ ಉಳಿಯುತ್ತವೆ. ಪಠ್ಯಕ್ರಮದಲ್ಲಿ ಈ ನಾಲ್ಕೂ ಗಟ್ಟಿಯಾಗಿ ಇವೆಯೇ ಎಂದು ನೋಡಿ.

ನಮ್ಮ ವಾಕ್ಯ ಇಲ್ಲಿ ಬೇರೆ ಪ್ರಶ್ನೆಯಾಗುತ್ತದೆ. ‘ನೆನಪಾಯಿತು’ ಎಂಬುದನ್ನು ಯಂತ್ರ ‘ನೆನಪು’ ಮತ್ತು ‘ಆಯಿತು’ ಎಂದು ಬಿಡಿಸಿಕೊಳ್ಳಬೇಕೇ? ‘ಹೋಗಬೇಕಾಗಿದ್ದರಿಂದ’ ಎಂಬಂಥ ಒಂದೇ ಪದದಲ್ಲಿ ಒಂದು ಉಪವಾಕ್ಯವೇ ಅಡಗಿರುವಾಗ ಅದನ್ನು ಎಲ್ಲಿ ಕತ್ತರಿಸಬೇಕು? ಡಿಜಿಟಲ್ ಪಠ್ಯ ಕಡಿಮೆ ಇರುವ ಭಾಷೆಗಳಲ್ಲಿ ಇಂಥ ಪ್ರಶ್ನೆಗಳಿಗೆ ಭಾಷೆಯ ಒಳರಚನೆ ಬಲ್ಲವರು ನಿಜವಾಗಿಯೂ ಬೇಕು, ಈ ಕೆಲಸದ ಬಗ್ಗೆ ನನಗೆ ತುಂಬ ಗೌರವವಿದೆ. ಆದರೆ ದೊಡ್ಡ ಮಾದರಿಗಳನ್ನು ಕಟ್ಟುವ ಕೆಲಸದಲ್ಲಿ ಕಂಪ್ಯೂಟರ್ ವಿಜ್ಞಾನದ ಪದವೀಧರರೊಂದಿಗೆ ನೇರ ಪೈಪೋಟಿ ಇದೆ, ಅಲ್ಲಿ ಭಾಷಾಜ್ಞಾನವೊಂದರಿಂದಲೇ ಬಾಗಿಲು ತೆರೆಯದು. ಜೊತೆಗೆ, ಯಂತ್ರ ಸರಾಗವಾಗಿ ಬರೆಯುತ್ತದೆ ಎಂದ ಮಾತ್ರಕ್ಕೆ ಮನುಷ್ಯ ಹೇಗೆ ಮಾತನಾಡುತ್ತಾನೆ ಎಂಬುದು ತಿಳಿದಂತಾಗಲಿಲ್ಲ. ಮಗು ತನ್ನ ಬಾಲ್ಯದುದ್ದಕ್ಕೂ ಕೇಳುವ ಮಾತಿಗಿಂತ ಎಷ್ಟೋ ಪಟ್ಟು ಹೆಚ್ಚು ಪಠ್ಯವನ್ನು ಈ ಮಾದರಿಗಳಿಗೆ ಉಣಿಸಲಾಗಿರುತ್ತದೆ. ನಿಮ್ಮ ಕುತೂಹಲ ಮಗುವಿನ ಬಗ್ಗೆ ಇದ್ದರೆ ಮುಂದಿನ ಆಯ್ಕೆಯನ್ನು ನೋಡಿ. ಉದ್ಯೋಗ ಮತ್ತು ವೇತನದ ದೃಷ್ಟಿಯಿಂದ, ಗಣಿತಕ್ಕೆ ಅಂಜದವರಿಗೆ, ಈ ಪಟ್ಟಿಯಲ್ಲಿ ಇದಕ್ಕಿಂತ ಅನುಕೂಲದ ದಾರಿ ಇನ್ನೊಂದಿಲ್ಲವೆಂಬುದನ್ನೂ ಒಪ್ಪಬೇಕು.

ಮನಸ್ಸು ಮತ್ತು ಮಿದುಳಿನ ಕಡೆಯಿಂದ

ಮನೋಭಾಷಾವಿಜ್ಞಾನ ಪದವಿ ಹಂತದಲ್ಲಿ ಪ್ರತ್ಯೇಕವಾಗಿ ಸಿಗುವುದು ಅಪರೂಪ. ಸಾಮಾನ್ಯವಾಗಿ ಮನೋವಿಜ್ಞಾನ ಅಥವಾ ಅರಿವಿನ ವಿಜ್ಞಾನದ ಒಳಗೆ ಅದು ಇರುತ್ತದೆ. ಇಲ್ಲಿನ ಪುರಾವೆ ಪ್ರಯೋಗದಿಂದ ಬರುವಂಥದ್ದು. ಕನ್ನಡಿಗರು ಸುಲಭವಾಗಿ ಗುರುತಿಸುವ ತಕಾರ ಮತ್ತು ಟಕಾರಗಳ ವ್ಯತ್ಯಾಸ ಇಂಗ್ಲಿಷ್ ಭಾಷಿಕ ವಯಸ್ಕರಿಗೆ ಕಷ್ಟ. ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಇಂಗ್ಲಿಷ್ ಮನೆಗಳ ಆರರಿಂದ ಎಂಟು ತಿಂಗಳ ಶಿಶುಗಳು ಹಿಂದಿಯ ಅದೇ ಬಗೆಯ ದಂತ್ಯ ಮತ್ತು ಮೂರ್ಧನ್ಯ ಧ್ವನಿಗಳನ್ನು ಬೇರ್ಪಡಿಸಿ ಕೇಳಿದವು, ಆದರೆ ಹತ್ತರಿಂದ ಹನ್ನೆರಡು ತಿಂಗಳ ಶಿಶುಗಳಲ್ಲಿ ಆ ಶಕ್ತಿ ಬಹಳ ಕುಗ್ಗಿತ್ತು. ಒಂದು ವರ್ಷ ತುಂಬುವ ಮುನ್ನವೇ ಕಿವಿ ತನ್ನ ಭಾಷೆಗೆ ಹೊಂದಿಕೊಳ್ಳುತ್ತದೆ. ಮಾರ್ಟಾ ಕುಟಸ್ ಮತ್ತು ಸ್ಟೀವನ್ ಹಿಲ್‌ಯಾರ್ಡ್ 1980ರಲ್ಲಿ, ವಾಕ್ಯದಲ್ಲಿ ಅರ್ಥಕ್ಕೆ ಹೊಂದದ ಪದ ಎದುರಾದಾಗ ಸುಮಾರು 400 ಮಿಲಿಸೆಕೆಂಡುಗಳ ಬಳಿಕ ಮಿದುಳಿನ ವಿದ್ಯುತ್ ಸಂಕೇತದಲ್ಲಿ ಗುರುತಿಸಬಹುದಾದ ಬದಲಾವಣೆಯಾಗುವುದನ್ನು ತೋರಿಸಿದರು.

ಇಂಥ ಫಲಿತಾಂಶಗಳ ಹಿಂದೆ ಭಾಗವಹಿಸುವವರನ್ನು ಹುಡುಕುವುದು, ಒಂದೇ ಪ್ರಯೋಗವನ್ನು ಮತ್ತೆ ಮತ್ತೆ ನಡೆಸುವುದು, ಅಂಕಿ ಅಂಶಗಳ ವಿಶ್ಲೇಷಣೆಯಲ್ಲಿ ವಾರಗಳನ್ನು ಕಳೆಯುವುದು ಇದೆ. ಸಂಖ್ಯಾಶಾಸ್ತ್ರ ಇಷ್ಟವಿಲ್ಲದವರು ಇಲ್ಲಿ ನೆಮ್ಮದಿಯಾಗಿರಲಾರರು. ಕಣ್ಚಲನೆ ಅಳೆಯುವ ಯಂತ್ರ, ಮಿದುಳಿನ ವಿದ್ಯುತ್ ಸಂಕೇತಗಳನ್ನು ದಾಖಲಿಸುವ ಇಇಜಿ ಪ್ರಯೋಗಾಲಯ ಇವು ನಿಮ್ಮ ಸ್ವಂತ ಖರ್ಚಲ್ಲದಿದ್ದರೂ, ವಿಭಾಗದಲ್ಲಿ ಅವು ಇವೆಯೇ ಮತ್ತು ಪದವಿ ವಿದ್ಯಾರ್ಥಿಗಳಿಗೆ ಮುಟ್ಟಲು ಸಿಗುತ್ತವೆಯೇ ಎಂಬುದು ನಿರ್ಣಾಯಕ. ಮನೋವಿಜ್ಞಾನದ ಪದವಿಯಾದ್ದರಿಂದ ಮನಸ್ಸು ಬದಲಾದರೆ ಬೇರೆ ವೃತ್ತಿಗಳಿಗೆ ಹೊರಳುವ ಅವಕಾಶವಿದೆ, ಆದರೆ ವಾಕ್ಯರಚನೆಯಂಥ ವಿಷಯಗಳನ್ನು ಸ್ವಂತವಾಗಿ ಓದಿಕೊಳ್ಳಬೇಕಾಗಬಹುದು.

ವಾಕ್ ಚಿಕಿತ್ಸೆ

1861ರಲ್ಲಿ ಪಾಲ್ ಬ್ರೊಕಾ, ಬಹುತೇಕ ಮಾತನ್ನೇ ಕಳೆದುಕೊಂಡಿದ್ದ ರೋಗಿಯೊಬ್ಬರ ಮಿದುಳಿನ ಎಡ ಮುಂಭಾಗದಲ್ಲಿ ಹಾನಿಯನ್ನು ಗುರುತಿಸಿದರು. 1874ರಲ್ಲಿ ಕಾರ್ಲ್ ವೆರ್ನಿಕೆ, ಸರಾಗವಾಗಿ ಮಾತನಾಡಿಯೂ ಅರ್ಥಮಾಡಿಕೊಳ್ಳಲಾಗದ ಇನ್ನೊಂದು ಬಗೆಯ ತೊಂದರೆಯನ್ನು ವಿವರಿಸಿದರು. ಆ ಪ್ರಶ್ನೆಗಳು ಇಂದು ಒಂದು ವೃತ್ತಿಯಾಗಿ ಬೆಳೆದಿವೆ. ಪಾರ್ಶ್ವವಾಯುವಿನ ನಂತರ ‘ಅವಳಿಗೆ ತನ್ನ ತಮ್ಮನ ನೆನಪಾಯಿತು’ ಎನ್ನಲಾಗದೆ ‘ಅವಳು... ತಮ್ಮ... ನೆನಪು’ ಎಂದು ನಿಲ್ಲುವ ವ್ಯಕ್ತಿಯ ಎದುರು ಕುಳಿತು, ವಿಭಕ್ತಿ ಮತ್ತು ಕ್ರಿಯಾಪದಗಳನ್ನು ಮರಳಿ ಕಟ್ಟಲು ನೆರವಾಗುವುದು ಇಲ್ಲಿಯ ಕೆಲಸ. ಮಕ್ಕಳ ಮಾತಿನ ವಿಳಂಬ, ತೊದಲು, ನುಂಗುವ ತೊಂದರೆಗಳೂ ಇದರ ವ್ಯಾಪ್ತಿಗೆ ಸೇರುತ್ತವೆ.

ಓದು ಮುಗಿಯುತ್ತಿದ್ದಂತೆ ನಿಶ್ಚಿತ ವೃತ್ತಿಯೊಂದು ಸಿಗುವ ಆಯ್ಕೆ ಈ ಪಟ್ಟಿಯಲ್ಲಿ ಇದೊಂದೇ. ಆ ನಿಶ್ಚಿತತೆಗೆ ಬೆಲೆಯೂ ಇದೆ: ಸೀಟುಗಳು ಕಡಿಮೆ, ನಿಗದಿತ ಗಂಟೆಗಳ ಕ್ಲಿನಿಕ್ ತರಬೇತಿ ಕಡ್ಡಾಯ, ಮತ್ತು ವೃತ್ತಿಗೆ ಪರವಾನಗಿ ಬೇಕು. ಕೆಲವು ದೇಶಗಳಲ್ಲಿ ಸ್ನಾತಕ ಪದವಿ ಸಾಕು, ಅಮೆರಿಕದಂಥ ಕಡೆ ಸ್ನಾತಕೋತ್ತರ ಪದವಿ ಬೇಕೇ ಬೇಕು, ಒಂದು ದೇಶದ ಪರವಾನಗಿ ಇನ್ನೊಂದರಲ್ಲಿ ತಾನಾಗಿಯೇ ನಡೆಯುವುದಿಲ್ಲ. ಭಾಷೆಯ ಕುತೂಹಲವೊಂದನ್ನೇ ನೆಚ್ಚಿಕೊಂಡು ಇಲ್ಲಿಗೆ ಬರಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಅಂಗರಚನಾಶಾಸ್ತ್ರವನ್ನು ಓದುವ ಮನಸ್ಸು ಮತ್ತು ಕಷ್ಟದಲ್ಲಿರುವವರ ಜೊತೆ ನಿಧಾನವಾಗಿ ಕೆಲಸ ಮಾಡುವ ಸ್ವಭಾವ ಅದಕ್ಕಿಂತ ಮೊದಲು ಬೇಕು.

ಜನರ ನಡುವೆ: ಕ್ಷೇತ್ರಾಧ್ಯಯನ ಮತ್ತು ಸಮಾಜ

ಜಗತ್ತಿನಲ್ಲಿ ಸುಮಾರು 7,000 ಭಾಷೆಗಳಿವೆ, ಅವುಗಳಲ್ಲಿ ಬಹಳಷ್ಟಕ್ಕೆ ಸಮರ್ಪಕವಾದ ವ್ಯಾಕರಣವಾಗಲಿ ನಿಘಂಟಾಗಲಿ ಇಲ್ಲ. ಅಂಥ ಭಾಷೆಯನ್ನಾಡುವವರ ಜೊತೆ ಕುಳಿತು ದಾಖಲಿಸುವುದು ಕ್ಷೇತ್ರ ಭಾಷಾವಿಜ್ಞಾನ. ಮಾತು ಮತ್ತು ಸಮಾಜದ ನಂಟನ್ನು ಹುಡುಕುವ ಸಾಮಾಜಿಕ ಭಾಷಾವಿಜ್ಞಾನ ಇದರ ನೆರೆಯದು. 1962ರಲ್ಲಿ ವಿಲಿಯಂ ಲಬೋವ್ ನ್ಯೂಯಾರ್ಕಿನ ಬೇರೆ ಬೇರೆ ದರ್ಜೆಯ ಮೂರು ಮಳಿಗೆಗಳಲ್ಲಿ, ನಾಲ್ಕನೆಯ ಮಹಡಿಯಲ್ಲಿ ಸಿಗುವ ವಸ್ತುವೊಂದರ ಬಗ್ಗೆ ಸಿಬ್ಬಂದಿಯನ್ನು ವಿಚಾರಿಸುತ್ತ, ಉತ್ತರವಾಗಿ ಬರುವ ‘ಫೋರ್ತ್ ಫ್ಲೋರ್’ ಎಂಬುದರಲ್ಲಿ ರಕಾರವನ್ನು ಯಾರು ಉಚ್ಚರಿಸುತ್ತಾರೆ, ಯಾರು ಬಿಡುತ್ತಾರೆ ಎಂಬುದನ್ನು ಎಣಿಸಿ, ಅದು ಸಾಮಾಜಿಕ ಅಂತಸ್ತಿನೊಂದಿಗೆ ಹೊಂದುವುದನ್ನು ತೋರಿಸಿದರು. ಸನ್ನೆಭಾಷೆಗಳೂ ಪೂರ್ಣ ಭಾಷೆಗಳೇ ಎಂಬುದನ್ನು ವಿಲಿಯಂ ಸ್ಟೋಕಿ 1960ರಲ್ಲಿ ಅವುಗಳ ಒಳರಚನೆಯಿಂದಲೇ ವಾದಿಸಿದರು. ಮುಂದೆ ನಿಕರಾಗುವಾದಲ್ಲಿ, 1970ರ ದಶಕದ ಕೊನೆಯಿಂದ ಶಾಲೆಗಳಲ್ಲಿ ಒಟ್ಟುಗೂಡಿದ ಕಿವುಡ ಮಕ್ಕಳು ಹೊಸ ಸನ್ನೆಭಾಷೆಯನ್ನೇ ಬೆಳೆಸಿದ್ದನ್ನು ವಿದ್ವಾಂಸರು ಕಣ್ಣಾರೆ ಕಂಡರು.

ಇದಕ್ಕೆ ಪ್ರತ್ಯೇಕ ಸ್ನಾತಕ ಪದವಿ ಹುಡುಕುವ ಅಗತ್ಯವಿಲ್ಲ. ಭಾಷಾವಿಜ್ಞಾನ ಅಥವಾ ಮಾನವಶಾಸ್ತ್ರದಲ್ಲಿ ಕ್ಷೇತ್ರವಿಧಾನದ ಪತ್ರಿಕೆ ಇದ್ದರೆ ಸಾಕು. ಆದರೆ ಮರೆಯಲ್ಲಿರುವ ಖರ್ಚು ಇಲ್ಲಿಯೇ ಹೆಚ್ಚು: ಪ್ರಯಾಣ, ವಾಸ, ಧ್ವನಿಮುದ್ರಣ ಉಪಕರಣ, ಸಹಕರಿಸಿದವರಿಗೆ ಕೊಡಬೇಕಾದ ನ್ಯಾಯವಾದ ಸಂಭಾವನೆ. ಒಂದು ಗಂಟೆಯ ಧ್ವನಿಮುದ್ರಣವನ್ನು ಬರಹಕ್ಕಿಳಿಸಿ, ಅನುವಾದಿಸಿ, ವಿಶ್ಲೇಷಿಸಲು ಹತ್ತಾರು ಗಂಟೆಗಳು ಹಿಡಿಯುತ್ತವೆ. ಕೆಲಸ ಸಿಗುವುದು ಬಹುಮಟ್ಟಿಗೆ ಸಂಶೋಧನಾ ಅನುದಾನಗಳ ಮೂಲಕ. ಸಮುದಾಯದ ನಂಬಿಕೆಯನ್ನು ಗಳಿಸುವುದು ಮತ್ತು ದಾಖಲೆಗಳನ್ನು ಅವರಿಗೆ ಮರಳಿ ತಲುಪಿಸುವುದು ಈ ಕೆಲಸದ ಭಾಗವೇ, ಆ ಹೊಣೆಗೆ ಸಿದ್ಧರಲ್ಲದವರು ಇದನ್ನು ಆರಿಸಿಕೊಳ್ಳಬಾರದು.

ಭಾಷಾಬೋಧನೆಗೆ ಸಂಬಂಧಿಸಿದ ಅನ್ವಯಿಕ ಭಾಷಾವಿಜ್ಞಾನದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅದು ಸಾಮಾನ್ಯವಾಗಿ ಸ್ನಾತಕೋತ್ತರ ಹಂತದ ಓದು, ಮೊದಲು ಕೆಲಕಾಲ ಪಾಠ ಮಾಡಿದವರಿಗೆ ಅದರಿಂದ ಸಿಗುವ ಲಾಭ ಹೆಚ್ಚು.

ಯಾರಿಗೆ ಯಾವುದು

ಮೂರ್ನಾಲ್ಕು ವರ್ಷಗಳಲ್ಲಿ ಸಂಪಾದಿಸಲೇಬೇಕಾದ ಪರಿಸ್ಥಿತಿ ಇದ್ದರೆ ಆಯ್ಕೆ ಕಂಪ್ಯೂಟೇಷನಲ್ ಕಡೆಗೆ ವಾಲುತ್ತದೆ, ಸ್ನಾತಕ ಪದವಿಯೇ ಸಾಲುವ ದೇಶಗಳಲ್ಲಿ ವಾಕ್ ಚಿಕಿತ್ಸೆಯೂ ಸರಿ. ಆಗ ಉಳಿದ ಕುತೂಹಲವನ್ನು ಐಚ್ಛಿಕ ಪತ್ರಿಕೆಗಳಲ್ಲಿ ತಣಿಸಿಕೊಳ್ಳಬಹುದು. ಹಣ ಕಡಿಮೆಯಿದ್ದು ಸಮಯವಿರುವವರು ಹತ್ತಿರದ ಭಾಷಾ ವಿಭಾಗದಲ್ಲಿಯೋ ಮನೋವಿಜ್ಞಾನದಲ್ಲಿಯೋ ಪದವಿ ಮುಗಿಸಿ, ಸ್ನಾತಕೋತ್ತರದಲ್ಲಿ ಭಾಷಾವಿಜ್ಞಾನಕ್ಕೆ ಬರುವುದು ಜಾಣತನ, ಬೇರೆ ವಿಷಯ ಓದಿ ಬಂದವರನ್ನು ಸ್ನಾತಕೋತ್ತರ ಹಂತದಲ್ಲಿ ಸೇರಿಸಿಕೊಳ್ಳುವ ವಿಭಾಗಗಳು ಹಲವಿವೆ. ಗಣಿತ ಓದಿದವರು ಹೀಗೆ ಬಂದರೆ ಅವರಿಗೆ ಅರ್ಥವಿಜ್ಞಾನದಲ್ಲಿ ವಿಶೇಷ ಅನುಕೂಲವಿರುತ್ತದೆ. ತಿರುವು ಒಂದೇ ದಿಕ್ಕಿನಲ್ಲಿ ಸುಲಭ ಎಂಬುದನ್ನು ಮಾತ್ರ ನೆನಪಿಡಬೇಕು: ಕಂಪ್ಯೂಟರ್ ವಿಜ್ಞಾನದಿಂದ ಭಾಷಾವಿಜ್ಞಾನಕ್ಕೆ ಬರುವುದಕ್ಕಿಂತ, ಗಣಿತವನ್ನು ಪೂರ್ತಿ ಬಿಟ್ಟು ಭಾಷೆ ಓದಿದವರು ಆ ಕಡೆಗೆ ಹೋಗುವುದು ಕಷ್ಟ. ಇನ್ನೂ ಮನಸ್ಸು ಗಟ್ಟಿಯಾಗಿಲ್ಲವಾದರೆ, ಭಾಷಾವಿಜ್ಞಾನವನ್ನೇ ಮುಖ್ಯವಾಗಿ ತೆಗೆದುಕೊಂಡು ಜೊತೆಗೆ ಸಂಖ್ಯಾಶಾಸ್ತ್ರ ಮತ್ತು ಪ್ರೋಗ್ರಾಮಿಂಗಿನ ಒಂದೊಂದು ಪತ್ರಿಕೆಯನ್ನು ಮೊದಲ ವರ್ಷದಲ್ಲಿಯೇ ಮುಗಿಸಿಕೊಳ್ಳಿ ಎಂಬುದು ನನ್ನ ಸಲಹೆ.

ಅರ್ಜಿ ಹಾಕುವ ಮುನ್ನ ಖರ್ಚಿಲ್ಲದೆ ಮಾಡಬಹುದಾದ ಕೆಲವು ಪರೀಕ್ಷೆಗಳಿವೆ. 2003ರಿಂದ ನಡೆಯುತ್ತಿರುವ ಅಂತರರಾಷ್ಟ್ರೀಯ ಭಾಷಾವಿಜ್ಞಾನ ಒಲಿಂಪಿಯಾಡಿನ ಹಳೆಯ ಪ್ರಶ್ನೆಗಳು ಉಚಿತವಾಗಿ ಸಿಗುತ್ತವೆ ಮತ್ತು ಅವಕ್ಕೆ ಯಾವ ಪೂರ್ವಜ್ಞಾನವೂ ಬೇಡ. ಒಂದು ಮಧ್ಯಾಹ್ನ ಅವುಗಳಲ್ಲಿ ಮುಳುಗಲು ಸಾಧ್ಯವಾದರೆ ರಚನೆಯ ಅಧ್ಯಯನ ನಿಮಗೆ ಹಿಡಿಸುತ್ತದೆ. ಇಬ್ಬರ ಸಹಜ ಸಂಭಾಷಣೆಯನ್ನು ಅವರ ಒಪ್ಪಿಗೆ ಪಡೆದು ಹತ್ತು ನಿಮಿಷ ಮುದ್ರಿಸಿ, ತಡವರಿಕೆ ಮತ್ತು ಅರ್ಧಕ್ಕೆ ನಿಂತ ವಾಕ್ಯಗಳ ಸಮೇತ ಬರೆದು ನೋಡಿದರೆ ಕ್ಷೇತ್ರಾಧ್ಯಯನದ ಬೇಸರ ಮತ್ತು ಸುಖ ಎರಡೂ ತಿಳಿಯುತ್ತವೆ. ಅದೇ ಧ್ವನಿಯನ್ನು ಪ್ರಾಟ್‌ನಲ್ಲಿ ತೆರೆದು ತಕಾರ ಟಕಾರಗಳ ಚಿತ್ರಗಳನ್ನು ಹೋಲಿಸಬಹುದು.

ಕೊನೆಗೆ ವಿಭಾಗಕ್ಕೆ ನೇರವಾಗಿ ಬರೆದು ವಿಚಾರಿಸಿ. ಭಾಷಾವಿಜ್ಞಾನದ ಎಷ್ಟು ಪತ್ರಿಕೆಗಳು ಕಡ್ಡಾಯ ಮತ್ತು ಐಚ್ಛಿಕ ಪತ್ರಿಕೆಗಳಲ್ಲಿ ಕಳೆದ ಎರಡು ವರ್ಷಗಳಲ್ಲಿ ನಿಜವಾಗಿ ನಡೆದವು ಯಾವುವು, ಅಧ್ಯಾಪಕರು ಯಾವ ಯಾವ ಉಪಶಾಖೆಗಳವರು, ಪದವಿ ವಿದ್ಯಾರ್ಥಿಗೆ ಸ್ವಂತ ದತ್ತಾಂಶ ಸಂಗ್ರಹಿಸಿ ಪ್ರಬಂಧ ಬರೆಯುವ ಅವಕಾಶವಿದೆಯೇ, ಇತ್ತೀಚೆಗೆ ಮುಗಿಸಿದವರು ಈಗ ಏನು ಮಾಡುತ್ತಿದ್ದಾರೆ ಎಂದು ಕೇಳಿ. ವಿವರಪುಸ್ತಿಕೆಯಲ್ಲಿ ಮುದ್ರಿತವಾಗಿರುವ ಐಚ್ಛಿಕ ಪತ್ರಿಕೆಗಳು ಅಧ್ಯಾಪಕರಿಲ್ಲದೆ ವರ್ಷಗಟ್ಟಲೆ ನಡೆಯದೇ ಇರುವುದುಂಟು, ಹಾಗಾಗಿ ಈ ಪ್ರಶ್ನೆಗಳಲ್ಲಿ ಮೊದಲನೆಯದಕ್ಕೆ ಸ್ಪಷ್ಟ ಉತ್ತರ ಬರುವವರೆಗೆ ಶುಲ್ಕ ಕಟ್ಟಬೇಡಿ.